ತಿಜೋರಿಗೆ ಹೋದ ಕಾಗದ

ನನ್ನ ಅಕ್ಷರದ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಹುಕ್ಕೇರಿಯ ನಮ್ಮ ತವರಿನಲ್ಲಿ ಅಜ್ಜ ಶಾಸ್ತ್ರದ ಹೊತ್ತಿಗೆಗಳನ್ನು ನಕಲು ಮಾಡುತ್ತಿದ್ದ. ನಮ್ಮ ಜೈನರಲ್ಲಿ ನೋಂಪಿಯ ವ್ರತ ಮುಗಿಸಿದವರು ಒಂದು ಶಾಸ್ತ್ರವನ್ನು ಬರೆಸಿ ಬಸದಿಗೆ ದಾನ ಕೊಡುವುದುಂಟು. ಅಂಥವರೆಲ್ಲ ಅಜ್ಜನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಕಣ್ಣು ಮಂಜಾದ ಮೇಲೆ ಲೇಖಣಿ ನನ್ನ ಕೈಗೆ ಬಂತು. ಅವನು ಕಲಿಸಿದ ನಿಯಮ ಒಂದೇ: ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಹಿಂದೆ ಬರೆದವನು ತಪ್ಪಿದ್ದರೆ ನಾವೂ ಅದೇ ತಪ್ಪನ್ನು ಬರೆಯಬೇಕು. ಮಸಿ ಚೆಲ್ಲಿ ಎರಡು ಅಕ್ಷರ ಮುಚ್ಚಿಹೋಗಿದ್ದರೆ ಅಷ್ಟೇ ಜಾಗ ಖಾಲಿ ಬಿಡಬೇಕು. ಒಮ್ಮೆ ನಾನು ಜಾಣತನ ತೋರಿಸಿ ಒಂದು ತಪ್ಪು ತಿದ್ದಿದ್ದಕ್ಕೆ ಅಜ್ಜ ಆ ಹಾಳೆಯನ್ನು ಬದಿಗಿಟ್ಟು, "ನಿನಗ ಶಾಣ್ಯಾಕಿ ಆಗು ಅಂತ ಯಾರೂ ಹೇಳಿಲ್ಲ. ನಕಲ ಮಾಡು ಅಂತ ಹೇಳೇನಿ," ಎಂದು ಇಡೀ ಹಾಳೆಯನ್ನು ಮತ್ತೆ ಬರೆಸಿದ.

ಗೋಕಾಕಕ್ಕೆ ಸೊಸೆಯಾಗಿ ಬಂದ ಮೇಲೆ ಈ ವಿದ್ಯೆ ಮೂಲೆಗೆ ಬಿತ್ತು. ರೊಟ್ಟಿ ಬಡಿಯುವ ಕೈಗೆ ಲೇಖಣಿಯ ಕೆಲಸ ಯಾರು ಕೊಡುತ್ತಾರೆ? ಮನೆಯಲ್ಲಿ ನಾವು ಮೂವರೇ, ನಾನು, ನಮ್ಮವರು, ಅತ್ತೆ. ನಮ್ಮವರು ಊರಿನ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅತ್ತೆಗೆ ಮಗನ ಆ ಕೆಲಸ ಕಂಡರಾಗುತ್ತಿರಲಿಲ್ಲ. "ದಿನಾ ಬೆಂಕಿ ಮುಂದ ನಿಂತು ಎಷ್ಟ ಹುಳಾ ಹುಪ್ಪಡಿ ಸುಡತಾನೋ ಏನೋ," ಎಂದು ಗೊಣಗುವರು. ಮಗನಿಗೆ ಮಾತ್ರ ಯಂತ್ರವೆಂದರೆ ಪ್ರಾಣ. ಊಟಕ್ಕೆ ಕೂತಾಗ ಕಾರ್ಖಾನೆಯ ಸಿಳ್ಳು ಕೇಳಿಸಿದರೆ ತುತ್ತನ್ನು ಕೈಯಲ್ಲೇ ಹಿಡಿದು, "ಉಗಿ ಕಡಿಮಿ ಆಗೇತಿ, ಇದ್ದಲಿ ಹಾಕಿಲ್ಲ," ಎನ್ನುವರು. ನಾನು ಬಡಿಸಿದ ಪಲ್ಯಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ.

ಬಾಯ್ಲರ್ ನಡೆಸಬೇಕಾದರೆ ಸರಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆದಿರಬೇಕು. ಅದಿಲ್ಲದವನನ್ನು ಯಾವ ಕಾರ್ಖಾನೆಯೂ ಬಾಯ್ಲರಿನ ಹತ್ತಿರ ಸೇರಿಸುವುದಿಲ್ಲ. ನಮ್ಮವರು ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾಗಿದ್ದರು. ಕಪ್ಪು ಅಂಚಿನ ದಪ್ಪ ಕಾಗದ, ನಡುವೆ ಕೈಬರಹದ ಇಂಗ್ಲಿಷ್, ಕೆಳಗೆ ದೊಡ್ಡ ಸಾಹೇಬನ ಸಹಿ, ಪಕ್ಕದಲ್ಲಿ ಸರಕಾರಿ ಮೊಹರಿನ ನೇರಳೆ ಬಣ್ಣದ ಸಿಕ್ಕ. ಟ್ರಂಕಿನಲ್ಲಿ ನನ್ನ ಮದುವೆಯ ಸೀರೆಯ ಮಡಿಕೆಯಲ್ಲಿ ಅದರ ವಾಸ. ನಮ್ಮ ಮನೆಯ ಅನ್ನ ಆ ಒಂದು ಹಾಳೆಯಲ್ಲಿತ್ತು.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷ ಇದ್ದವು. ಆಫ್ರಿಕಾದ ಒಂದು ಹತ್ತಿ ಕಾರ್ಖಾನೆಯಿಂದ ನಮ್ಮವರಿಗೆ ಕಾಗದ ಬಂತು. ಅವರು ಇಂಗ್ಲಿಷನ್ನು ಎಂಜಿನಿನ ಮಟ್ಟಿಗೆ ಮಾತ್ರ ಓದಬಲ್ಲವರು. ಆದ್ದರಿಂದ ಕಾಗದದಲ್ಲಿ ಅವರ ಕಣ್ಣಿಗೆ ಮೊದಲು ಬಿದ್ದದ್ದು ಪಗಾರವಲ್ಲ, ಬಾಯ್ಲರ್. "ಅಲ್ಲಿ ಬಾಯ್ಲರ್ ನಮ್ಮದರ ಮೂರು ಪಟ್ಟು ಐತೇ! ಹೊಸಾದು!" ಎಂದು ಅಡಿಗೆಮನೆಗೇ ಓಡಿಬಂದರು. ಮೂರು ವರ್ಷದ ಕರಾರು. ಮೊದಲು ಸರ್ಟಿಫಿಕೇಟಿನ ನಕಲು ಕಳಿಸಬೇಕು, ಅದರ ಮೇಲೆ ಸರಕಾರಿ ಅಧಿಕಾರಿಯ ರುಜು ಇರಬೇಕು.

ನಕಲು ಎಂಬ ಮಾತು ಕೇಳಿದ್ದೇ ತಡ, ನನ್ನ ಜಂಬ ಎದ್ದು ಕೂತಿತು. "ನಾ ಮಾಡಿ ಕೊಡತೇನಿ ತಗೋರಿ," ಎಂದೆ. ತವರಿನಿಂದ ತಂದ ದಪ್ಪ ಕಾಗದ ಇತ್ತು. ಇಂಗ್ಲಿಷಿನ ಒಂದಕ್ಷರವೂ ನನಗೆ ಬಾರದು, ಬೇಕಾಗಿಯೂ ಇರಲಿಲ್ಲ. ಶಾಸ್ತ್ರದ ಪ್ರಾಕೃತವಾದರೂ ನನಗೆಲ್ಲಿ ಬರುತ್ತಿತ್ತು? ಮೂರು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಬರೆದೆ. ಅಂಚಿನ ಬಳ್ಳಿಯನ್ನು ಎಲೆ ಎಲೆಯಾಗಿ ಎಣಿಸಿ ತೆಗೆದೆ. ಸಾಹೇಬನ ಸಹಿಯಲ್ಲಿ ಕೊನೆಗೊಂದು ಬಾಲವಿತ್ತು, ಅದು ಎಲ್ಲಿ ದಪ್ಪ ಎಲ್ಲಿ ತೆಳು ನೋಡಿ ಒಂದೇ ಉಸಿರಿಗೆ ಎಳೆದೆ. ಸಿಕ್ಕಕ್ಕೆ ಹಿತ್ತಲ ಬಸಳೆ ಹಣ್ಣಿನ ರಸ ಸರಿಹೋಯಿತು. ಮೂಲದ ಮೂಲೆಯಲ್ಲಿ ನಮ್ಮವರ ಎಣ್ಣೆ ಬೆರಳಿನ ಗುರುತು ಇತ್ತು. ನಿಯಮವೆಂದರೆ ನಿಯಮ, ಅದನ್ನೂ ಮೂಡಿಸಿದೆ.

ನಮ್ಮವರು ಎರಡನ್ನೂ ಹಿಡಿದುಕೊಂಡು ತಾಲೂಕಿನ ಮಾಮ್ಲೇದಾರ ಕಚೇರಿಗೆ ಹೋದರು. ಒಂದು ಗಂಟೆಯಲ್ಲಿ ಮುಖ ಬಿಳಿಚಿಕೊಂಡು ತಿರುಗಿ ಬಂದರು. "ಬರದವರನ್ನ ಕರಕೊಂಡ ಬರ್ರಿ ಅಂದ್ರು," ಎಂದರು. ಅತ್ತೆ ತಾವೂ ಬರುತ್ತೇನೆಂದು ಸೆರಗು ಹೊದ್ದು ಮುಂದೆಯೇ ನಡೆದರು.

ಕಚೇರಿಯ ಹಿರಿಯ ಕಾರಕೂನರು ಎರಡೂ ಕಾಗದವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ, "ಇದರಾಗ ಖರೇದು ಯಾವದ್ರೀ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ತೋರಿಸಿದೆ.

"ಸಾಹೇಬರ ಸಹಿ ನೀವ್ಯಾಕ ಮಾಡಿದ್ರಿ?"

"ಅಲ್ಲಿ ಇತ್ತರಿ, ಅದಕ್ಕ ಬರದೆ."

"ಸಿಕ್ಕಾ?"

"ಅದೂ ಇತ್ತರಿ."

ಅವರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಮೂಲದ ಕಾಗದದ ಒಳಗೆ ಒಂದು ಕಿರೀಟದ ಗುರುತು ತೇಲಿ ಕಾಣುತ್ತಿತ್ತು, ನನ್ನದರಲ್ಲಿ ಇರಲಿಲ್ಲ. ಬೇರೆ ವ್ಯತ್ಯಾಸ ಅವರಿಗೂ ಸಿಗಲಿಲ್ಲ. "ತಾಯಿ, ಇದು ನಕಲ ಅಲ್ಲ. ಇದು ಜೇಲಿಗೆ ಹೋಗೂ ದಾರಿ," ಎಂದರು.

ನಾನು ನಮ್ಮವರ ಹಿಂದೆ ಸರಿದು ನಿಂತೆ. ಅತ್ತೆಗೆ ಮಾತ್ರ ಸಿಟ್ಟು ಬಂತು. "ನಮ್ಮ ಸೊಸಿ ಒಂದ ಅಕ್ಷರಾ ಹೆಚ್ಚ ಕಡಿಮಿ ಬರದಿದ್ರ ಹೇಳ್ರಿ! ಅವರ ಅಜ್ಜ ಬಸದಿಗೆ ಶಾಸ್ತ್ರ ಬರದು ಕೊಟ್ಟಾವ. ನೀವು ಜೇಲಿನ ಮಾತ ಆಡತೀರಿ!" ಎಂದು ಕಚೇರಿಯ ನಡುವೆ ನಿಂತು ದಬಾಯಿಸಿದರು. ಹಿರಿಯ ಕಾರಕೂನರು ಸ್ವಲ್ಪ ಹೊತ್ತು ತಡೆದುಕೊಂಡರು, ಆಮೇಲೆ ರುಮಾಲು ತೆಗೆದು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕಲಿನ ನೆತ್ತಿಯ ಮೇಲೆ 'ನಕಲು' ಎಂದು ಬರೆಯಬೇಕು, ಸಹಿಯ ಜಾಗದಲ್ಲಿ ಸಹಿ ಇದೆ ಎಂದಷ್ಟೇ ಬರೆಯಬೇಕು, ಸಿಕ್ಕದ ತಂಟೆಗೆ ಹೋಗಬಾರದು ಎಂದು ತಿಳಿಸಿ ಹೇಳಿದರು. "ಇದನ್ನ ಮನಿಗೆ ಹೋದಕೂಡ್ಲೆ ಒಲಿಗೆ ಹಾಕ್ರಿ," ಎಂದು ನನ್ನ ಮೂರು ದಿನದ ಕೆಲಸವನ್ನು ನಮ್ಮವರ ಕೈಗೆ ಕೊಟ್ಟರು.

ಎರಡನೆಯ ನಕಲಿಗೆ ಅರ್ಧ ಗಂಟೆ ಸಾಕಾಯಿತು. ಅಷ್ಟು ಕೆಟ್ಟ ನಕಲನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಅದಕ್ಕೇ ರುಜು ಸಿಕ್ಕಿತು, ಅದೇ ಟಪಾಲಿಗೆ ಹೋಯಿತು. ಮೊದಲಿನದನ್ನು ಒಲೆಗೆ ಹಾಕು ಎಂದು ನಮ್ಮವರೂ ಹೇಳಿದರು. ನನಗೆ ಕೈ ಬರಲಿಲ್ಲ. ಬರೆದದ್ದನ್ನು ಸುಡಬಾರದು, ಹಳತಾದರೆ ಹೊಳೆಗೆ ಬಿಡಬೇಕು ಎಂದು ಬೆಳೆದವಳು ನಾನು. ಹೊಳೆಗೆ ಹೋದಾಗ ಬಿಟ್ಟರಾಯಿತು ಎಂದು ಟ್ರಂಕಿನ ತಳಕ್ಕೆ ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಕೆಲಸ ಕೊಟ್ಟಿದ್ದರು. ಆದರೆ ಮೂಲ ಸರ್ಟಿಫಿಕೇಟನ್ನು ಮುಂಬಯಿಯ ತಮ್ಮ ಆಫೀಸಿಗೆ ರಜಿಸ್ಟರ್ ಮಾಡಿ ಕಳಿಸಬೇಕು, ಕರಾರು ಮುಗಿಯುವವರೆಗೆ ಅದು ಕಂಪನಿಯ ಸುಪರ್ದಿನಲ್ಲಿ ಇರುತ್ತದೆ ಎಂದು ಬರೆದಿದ್ದರು. ನಮ್ಮವರು ಅದನ್ನೊಂದು ಗೌರವ ಎಂದೇ ತಿಳಿದರು. "ಅವರ ತಿಜೋರಿಯೊಳಗ ಇಡತಾರಂತ! ನಮ್ಮ ಟ್ರಂಕಿಗಿಂತ ಭದ್ರ," ಎಂದರು.

ಅಲ್ಲಿಯ ಹವೆ, ಊಟ, ನೀರು ಹೇಗೆ ಎಂದು ಕೇಳಲು, ಆ ದೇಶದಿಂದ ತಿರುಗಿ ಬಂದ ಮೂಡಲಗಿಯ ಒಬ್ಬರನ್ನು ಸಂತೆಯ ದಿನ ಮನೆಗೆ ಕರೆದರು. ಅವರು ಲಿಂಗಾಯತರ ಮನೆಯವರು, ಮೊದಲು ಇವರ ಹಾಗೆಯೇ ಬಾಯ್ಲರ್ ಕೆಲಸದವರು, ಈಗ ಬೆಲ್ಲ ಕಾಯಿಸಿ ಮಾರುವ ವ್ಯಾಪಾರ. ಕೈಕಾಲು ತೊಳೆದು ಬಂದು ಕೂತು, ನಾನು ಕೊಟ್ಟ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಹವೆ ಚಲೋ, ಎಂಜಿನ್ನು ಚಲೋ, ಮಂದಿಯೂ ಚಲೋ ಎಂದರು.

"ಹಂಗಾದ್ರ ನೀವ್ಯಾಕ ನಡುವ ಬಿಟ್ಟು ಬಂದ್ರಿ?" ಎಂದು ನಾನು ಒಳಗಿನಿಂದಲೇ ಕೇಳಿದೆ.

"ಅವ್ವಗ ಆರಾಮ ಇರಲಿಲ್ಲರಿ ಅಕ್ಕಾರ. ಹೋಗತೇನಿ ಅಂದೆ. ಹೋಗಪಾ, ಕಾಗದಾ ಮಾತ್ರ ಕರಾರ ಮುಗಿದ ಮ್ಯಾಲ ಅಂದ್ರು. ಬಂದೆ. ಅವ್ವ ಆರಾಮ ಆದ್ಲು. ಕಾಗದಾ ಇನ್ನೂ ಅವರ ತಿಜೋರಿಯೊಳಗ ಐತಿ. ಇಲ್ಲಿ ಬಾಯ್ಲರ್ ಮುಂದ ನಿಂದರಸಾಕ ಯಾರೂ ತಯಾರಿಲ್ಲ. ನಡೀತೈತಿ ಬಿಡ್ರಿ, ಬೆಲ್ಲಾನೂ ಕಾಯಿಸೂದ, ಬಾಯ್ಲರೂ ಕಾಯಿಸೂದ!" ಎಂದು ತಾವೇ ನಕ್ಕರು.

ನಮ್ಮವರೂ ನಕ್ಕರು. ಅವರು ಹೋದ ಮೇಲೆ, "ಅಂವ ಮೊದಲಿಂದ್ಲೂ ಜಗಳಗಂಟ," ಎಂದುಬಿಟ್ಟರು. ನನಗೆ ನಗು ಬರಲಿಲ್ಲ. ಆಗ ನನಗೆ ನಾಲ್ಕು ತಿಂಗಳು. ಹೊಟ್ಟೆಯಲ್ಲಿದ್ದ ಕೂಸಿನ ಅನ್ನ, ಕಂಡರಿಯದ ಊರಿನ ಯಾರದೋ ತಿಜೋರಿಗೆ ಹೋಗಿ ಕೂಡುತ್ತದೆ ಎನ್ನುವುದು ನನಗೆ ತಡೆಯಲಿಲ್ಲ. ಕಂಪನಿಯವರು ಒಳ್ಳೆಯವರೇ ಇರಬಹುದು. ಒಳ್ಳೆಯವರ ಆಫೀಸಿಗೂ ಬೆಂಕಿ ಬೀಳುತ್ತದೆ, ಹಡಗು ಮುಳುಗುತ್ತದೆ. "ಕಳಸಬ್ಯಾಡ್ರಿ, ಕೈಯಾಗ ಒಯ್ರಿ, ತೋರಿಸಿ ತಿರುಗಿ ತಗೋರಿ," ಎಂದು ಎರಡು ದಿನ ಹೇಳಿದೆ. "ಅಷ್ಟ ದೊಡ್ಡ ಕಂಪನಿಗೆ ನಂಬಿಕಿ ಇಲ್ಲ ಅಂತ ಹೇಳಲೇನು?" ಎಂದು ಗದರಿದರು. ಮೂರನೆಯ ದಿನ ನಾನು ಬಾಯಿ ಮುಚ್ಚಿಕೊಂಡೆ.

ರಜಿಸ್ಟರ್ ಕಳಿಸುವ ಬೆಲೆಬಾಳುವ ಕಾಗದವನ್ನು ಆಗ ಬಟ್ಟೆಯಲ್ಲಿಟ್ಟು ಹೊಲಿದು, ಹೊಲಿಗೆಯ ಮೇಲೆ ಅರಗು ಹಚ್ಚುತ್ತಿದ್ದರು. ಹೊಲಿಯುವ ಕೆಲಸ ನನ್ನದೇ. ನಮ್ಮವರು ಸರ್ಟಿಫಿಕೇಟನ್ನು ನನ್ನ ಮುಂದಿಟ್ಟು ಅರಗು ತರಲು ಅಂಗಡಿಗೆ ಹೋದರು. ನಾನು ಟ್ರಂಕು ತೆಗೆದೆ. ತಳದಲ್ಲಿದ್ದ ನನ್ನ ಕಾಗದವನ್ನು ಬಟ್ಟೆಯಲ್ಲಿಟ್ಟೆ, ಮೂಲವನ್ನು ಸೀರೆಯ ಮಡಿಕೆಗೆ ಸೇರಿಸಿದೆ. ಒತ್ತೊತ್ತಾಗಿ ಹೊಲಿದೆ. ಅವರು ಬಂದು ಹೊಲಿಗೆ ನೋಡಿ, "ಭಾಳ ಚಲೋ ಹಾಕೀದಿ," ಎಂದು ಮೆಚ್ಚಿದರು.

ಅವರಿಗೆ ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮವರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ನೆಂಟರ ಮನೆಯಲ್ಲಿ ಊಟ ರುಚಿಯಾಗಿದೆ ಎಂದು ಸುಳ್ಳು ಹೇಳಿದರೂ ಆ ಕಿವಿಗಳು ಎಲ್ಲ ಬಯಲು ಮಾಡುತ್ತಿದ್ದವು. ಅಂಥ ಕಿವಿ ಹೊತ್ತ ಮನುಷ್ಯ ಹಡಗು ಹತ್ತುವ ಮುಂಚೆ ಮುಂಬಯಿಯ ಆಫೀಸಿನಲ್ಲಿ ನಿಲ್ಲಬೇಕಿತ್ತು. ಗೊತ್ತಿಲ್ಲದಿದ್ದರೆ ಅವರೂ ಸುರಕ್ಷಿತ, ಕಾಗದವೂ ಸುರಕ್ಷಿತ ಎಂದು ನಾನು ಲೆಕ್ಕ ಹಾಕಿದೆ.

ಆಮೇಲೆ ಶುರುವಾಯಿತು ನನ್ನ ನರಕ. ಟಪಾಲಿನವ ಓಣಿಗೆ ಬಂದರೆ ನಾನು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಯಾರಾದರೂ ಕಾಗದವನ್ನು ಬೆಳಕಿಗೆ ಹಿಡಿದರೆ? ಸುಳ್ಳಿನ ಪಾಪಕ್ಕೆ ಅಷ್ಟಮಿ, ಚತುರ್ದಶಿ ಉಪವಾಸ ಹಿಡಿದೆ. ಅತ್ತೆ ಅದನ್ನು ಮಗನ ಕ್ಷೇಮಕ್ಕೆ ಹಿಡಿದ ವ್ರತವೆಂದು ತಿಳಿದು, "ಬಸರಿ ಹೆಂಗಸು, ಗಂಡನ ಸಲುವಾಗಿ ಎಷ್ಟ ಮಾಡತಾಳ," ಎಂದು ಓಣಿಯ ತುಂಬ ಹೊಗಳಿದರು. ನನಗೆ ನೆಲ ಬಾಯ್ಬಿಡಬಾರದೇ ಅನಿಸುತ್ತಿತ್ತು. ಮೂರು ವಾರಕ್ಕೆ ಕಾಗದ ಬಂತು: ಸರ್ಟಿಫಿಕೇಟು ಮುಟ್ಟಿದೆ, ಎಲ್ಲ ಸರಿಯಾಗಿದೆ, ಹೊರಡಬಹುದು. ಜೀವ ತಿರುಗಿ ಬಂತು. ಖರೆ ಹೇಳುತ್ತೇನೆ, ಅದರ ಹಿಂದೆಯೇ ಜಂಬವೂ ಬಂತು.

ಗೋಕಾಕ ರೋಡ್ ಸ್ಟೇಶನ್ನಿಗೆ ಚಕ್ಕಡಿ ಕಟ್ಟಿಕೊಂಡು ಹೋದೆವು. ಅಲ್ಲಿ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ರೈಲು ಬಂತು. ಅವರು ನನ್ನನ್ನು ಬಿಟ್ಟು ಎಂಜಿನಿನ ಉಸಿರನ್ನೇ ಕೇಳುತ್ತ ನಿಂತರು. ಅತ್ತೆ ಅಳುತ್ತಿದ್ದರು. ಈಗ ಹೇಳಿದರೆ ಈ ಮನುಷ್ಯ ಇಲ್ಲಿಂದಲೇ ತಿರುಗಿ ಬರುತ್ತಾನೆ ಅನಿಸಿತು. ಹೇಳಲಿಲ್ಲ.

ಅಲ್ಲಿಂದ ಬಂದ ಅವರ ಕಾಗದಗಳಲ್ಲಿ ಅರ್ಧ ಬಾಯ್ಲರಿನ ಸುದ್ದಿ. ಸೂರ್ಯ ಮುಳುಗುವ ಮುಂಚೆ ಉಣ್ಣಲು ಬಿಡುವು ಸಿಗುವುದಿಲ್ಲ, ಮುಳುಗಿದ ಮೇಲೆ ನಾವು ಉಣ್ಣುವಂತಿಲ್ಲ, ಸಂಜೆ ಬಾಳೆಹಣ್ಣಿನ ಮೇಲೆ ಇರುತ್ತೇನೆ ಎಂದು ಒಮ್ಮೆ ಬರೆದರು. ಇನ್ನೊಮ್ಮೆ, "ಇಲ್ಲಿ ಟಪಾಲನ್ನು ಆಫೀಸಿನಲ್ಲಿ ಒಡೆದು ಓದಿ ಆಮೇಲೆ ಕೊಡುತ್ತಾರೆ. ಕಾರಕೂನ ಧಾರವಾಡದ ಕಡೆಯವ, ಪಾಪ ಒಳ್ಳೆಯವ. ಅತ್ತೆ ಸೊಸೆ ಜಗಳದ ಸುದ್ದಿ ಇದ್ದರೆ ನನಗಿಂತ ಮೊದಲು ಅವನೇ ನಗುತ್ತಾನೆ," ಎಂದು ಬರೆದರು. ಇನ್ನು ಕಾಗದದಲ್ಲಿ ಹೇಳುವ ದಾರಿಯೂ ಮುಚ್ಚಿತು.

ಹೆಣ್ಣು ಹುಟ್ಟಿತು. ಎಂಟು ತಿಂಗಳಿಗೆ ಗೋಡೆ ಹಿಡಿದು ನಿಂತಿತು. ನಾನು ಅದನ್ನು ಬರೆದು ಕಳಿಸಿದೆ. ಬಂದ ಉತ್ತರದಲ್ಲಿ ಬಾಯ್ಲರಿನ ಮಾತೇ ಇರಲಿಲ್ಲ. "ಅದು ನಿಂತಿತು ಎಂದು ಓದಿದ ಮೇಲೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಬಿಟ್ಟು ಬರುತ್ತೇನೆ ಎಂದು ಕೇಳಿದೆ. ಹೋಗಬಹುದು, ಸರ್ಟಿಫಿಕೇಟು ಮಾತ್ರ ಕರಾರು ಮುಗಿದ ಮೇಲೆ ಎಂದರು. ಅದನ್ನು ಬಿಟ್ಟು ಬಂದರೆ ನಾವು ಉಣ್ಣುವುದೇನು? ಮೂಡಲಗಿಯವನಿಗೆ ಜಗಳಗಂಟ ಎಂದಿದ್ದೆ, ತಪ್ಪಾಯಿತು ಎಂದು ಅವನಿಗೆ ಹೇಳು," ಎಂದು ಬರೆದಿದ್ದರು.

ಆ ಕಾಗದ ಕೈಯಲ್ಲಿ ಹಿಡಿದು ನಾನು ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟೆ. ಅವರನ್ನು ಕಟ್ಟಿಹಾಕಿದ್ದ ಕಾಗದ ಇಲ್ಲಿ, ನನ್ನ ಸೀರೆಯ ಮಡಿಕೆಯಲ್ಲಿ ಇತ್ತು.

ಸುಮ್ಮನೆ ಕೂಡುವ ಹೆಂಗಸಲ್ಲ ನಾನು. ಒಗಟಿನಲ್ಲಿ ಬರೆದೆ: "ನೀವು ಕೊಟ್ಟುಬಿಟ್ಟೆ ಎಂದುಕೊಂಡ ಎಮ್ಮೆ ನಮ್ಮ ಹಿತ್ತಲಲ್ಲೇ ಇದೆ. ಅದರ ಚಿಂತೆ ಬಿಟ್ಟು ಯಾವಾಗ ಬೇಕಾದರೂ ಬನ್ನಿ." ಉತ್ತರ ಬಂತು: "ನಾವು ಎಮ್ಮೆಯನ್ನು ಯಾವಾಗ ಕಟ್ಟಿದ್ದೆವು? ಬಾಣಂತಿತನದ ಕಾವು ನೆತ್ತಿಗೇರಿದೆಯೇ? ಕಾರಕೂನನಿಗೂ ಕಾಳಜಿಯಾಗಿದೆ, ತಲೆಗೆ ಔಡಲ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾನೆ." ಹಲ್ಲು ಕಡಿದು ಇನ್ನೊಂದು ಬರೆದೆ: "ಒಲೆಗೆ ಹಾಕು ಎಂದು ನೀವು ಹೇಳಿದ್ದನ್ನು ನಾನು ಒಲೆಗೆ ಹಾಕಲಿಲ್ಲ. ಚೆನ್ನಾಗಿ ನೆನಪು ಮಾಡಿಕೊಳ್ಳಿ." ಅದಕ್ಕೆ, "ಏನು ಹೇಳಿದ್ದೆನೋ ನೆನಪಿಲ್ಲ. ಹಸಿ ಕಟ್ಟಿಗೆಯೇ? ಒಣಗಿಸಿ ಹಾಕು," ಎಂದು ಬಂತು. ನಮ್ಮವರ ತಲೆ ಉಗಿಯ ಒತ್ತಡ ಬಲ್ಲದು. ಅದು ಒಗಟನ್ನೂ ಬಲ್ಲದು ಎಂದು ನಾನು ತಿಳಿದದ್ದೇ ತಪ್ಪು. ಬಿಚ್ಚಿ ಬರೆಯೋಣವೆಂದರೆ, ಆ ಒಳ್ಳೆಯ ಕಾರಕೂನ ಓದಿ ಮ್ಯಾನೇಜರನಿಗೆ ಹೇಳಿದರೆ ಅವರಿಗೆ ಆ ಪರದೇಶದಲ್ಲಿ ಜೈಲು. ಪ್ರತಿ ಸಲ ಬರೆಯುವುದು, ಪ್ರತಿ ಸಲ ಹರಿಯುವುದು. ಬರೆದದ್ದನ್ನು ಹಾಳು ಮಾಡಬಾರದೆಂದು ಬೆಳೆದವಳು ಎಷ್ಟು ಹಾಳೆ ಹರಿದೆನೋ ಲೆಕ್ಕವಿಲ್ಲ.

ಕರಾರು ಪೂರ್ತಿ ಮುಗಿಸಿಯೇ ಅವರು ಬಂದರು. ಕಪ್ಪಾಗಿದ್ದರು, ಗಟ್ಟಿಯಾಗಿದ್ದರು. ಮನೆಗೆ ಬಂದವರೇ ಪೆಟ್ಟಿಗೆ ತೆಗೆದು, ಮೊದಲು ಹೊರಗೆ ತೆಗೆದದ್ದು ತಗಡಿನ ಕೊಳವೆಯಲ್ಲಿ ಸುರುಳಿ ಮಾಡಿಟ್ಟ ಸರ್ಟಿಫಿಕೇಟು. ಕಂಪನಿಯವರು ಮಾತಿಗೆ ತಪ್ಪದೆ ಒಂದು ಸುಕ್ಕೂ ಇಲ್ಲದ ಹಾಗೆ ಹಿಂದಕ್ಕೆ ಕೊಟ್ಟಿದ್ದರು. "ತಗೋ, ಜ್ವಾಕಿ. ಇದರ ಸಲುವಾಗಿ ತಡಕೊಂಡೇನಿ," ಎಂದು ನನ್ನ ಕೈಗಿಟ್ಟರು. ನಾನು ಬರೆದ ಕಾಗದ ನನ್ನ ಕೈಗೆ ಬಂತು. ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಅವರು ಅಂಗಳದಲ್ಲಿ ಕೂತಿದ್ದಾಗ, ಎರಡೂ ಕಾಗದ ತಂದು ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಎವ್ವಾ, ಇಲ್ಲಿ ಬಾ, ಮೂರು ವರ್ಷ ಅವರು ತಿಜೋರಿಗೆ ಕೀಲಿ ಹಾಕಿ ನಿನ್ನ ಸೊಸೀ ಅಕ್ಷರಾ ಕಾದಾರ!" ಎಂದು ಅತ್ತೆಯನ್ನು ಕೂಗಿದರು. "ಎಮ್ಮಿ ಅಂದ್ರ ಇದು ಏನ?" ಎಂದು ಮತ್ತೆ ನಕ್ಕರು. ನಾನೂ ನಕ್ಕೆ, ಬದುಕಿದೆ ಎಂದುಕೊಂಡೆ.

ಮಗಳು ನನ್ನ ಸೆರಗಿನ ಹಿಂದೆ ನಿಂತಿದ್ದಳು. ಎರಡೂವರೆ ವರ್ಷದವಳು. ಬಂದಾಗಿನಿಂದ ಅವರ ಹತ್ತಿರ ಸುಳಿದಿರಲಿಲ್ಲ. ಅವರ ನಗೆಗೆ ಹೆದರಿ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವರು ಅವಳನ್ನು ನೋಡಿದರು. ನಗೆ ನಿಂತಿತು.

"ಅಂದ್ರ ನಾ ಅವಾಗ ಬರಬಹುದಿತ್ತು," ಎಂದರು. "ಇದು ನಡಿಯಾಕ ಕಲಿಯೂದು ನೋಡಬಹುದಿತ್ತು."

"ಹೂಂ," ಎಂದೆ. ಕಾಗದವನ್ನು ಕಾಪಾಡಿದ ಜಾಣತನ ನನ್ನದು. ಒಂದೂವರೆ ವರ್ಷ ಅವರನ್ನು ಅಲ್ಲಿ ಕೂಡಿಸಿದ್ದೂ ಅದೇ ಜಾಣತನ. ಬೈಯಲಿ ಎಂದು ಕಾದೆ.

ಅವರು ಬೈಯಲಿಲ್ಲ. ಮೂಲವನ್ನು ಮಡಿಚಿ ನನ್ನ ಕೈಯಲ್ಲೇ ಇಟ್ಟರು. "ಇನ್ನ ಮ್ಯಾಲ ಏನ ಮುಚ್ಚಿಟ್ಟರೂ, ಇಬ್ಬರಿಗೂ ಗೊತ್ತಿರೂ ಹಂಗ ಮುಚ್ಚಿಡು," ಎಂದರು.

ಮಗಳು ತಾನಾಗಿ ಹೋಗಿ ಅವರ ತೊಡೆಯ ಮೇಲೆ ಕೂತದ್ದು ಅದಾದ ಹನ್ನೊಂದನೆಯ ದಿನ. ಆ ಹನ್ನೊಂದೂ ದಿನವನ್ನು ನಾನು ಎಣಿಸಿದ್ದೇನೆ.